ಕಲಮುಗಳಿಲ್ಲದ ದಫ್ತರ

ಕಾರವಾರದ ಬೈತಖೋಲದಲ್ಲಾಗಲಿ ಅಂಕೋಲೆಯ ಬೇಲೇಕೇರಿಯಲ್ಲಾಗಲಿ ದೋಣಿಗಳು ತಂದ ಮೀನಿನ ಲೆಕ್ಕವನ್ನು ಗಣಕಯಂತ್ರದಲ್ಲಿ ಇಡಬೇಕಾಗಿದೆಯೆಂದು ಭಾವಿಸೋಣ. ಒಂದು ಮೀನಿಗೆ ಬುಟ್ಟಿಯ ಲೆಕ್ಕ, ಇನ್ನೊಂದಕ್ಕೆ ತೂಕ, ಮತ್ತೊಂದಕ್ಕೆ ಬಿಡಿ ಎಣಿಕೆ. ಒಬ್ಬನು ಬಲೆಯ ಬಗೆಯನ್ನು ಹೇಳುವನು, ಇನ್ನೊಬ್ಬನು ಹೇಳನು. ತಂತ್ರಾಂಶ ರಚಿಸುವವನು ಇದನ್ನು ಹೇಗೆ ಬರೆದಿಡಬೇಕು?

1970ರಲ್ಲಿ ಎಡ್ಗರ್ ಕಾಡ್ ಎಂಬ ಗಣಿತಜ್ಞನು ಮಂಡಿಸಿದ ಪದ್ಧತಿಯಲ್ಲಿ ಮಾಹಿತಿಯೆಲ್ಲವೂ ಕೋಷ್ಟಕಗಳಲ್ಲಿರುತ್ತದೆ. ಕಲಮುಗಳನ್ನು ಮೊದಲೇ ಗೊತ್ತುಮಾಡಬೇಕು. ಹೊಸ ವಿವರ ಬಂದಾಗ ಕೋಷ್ಟಕವನ್ನೇ ತಿದ್ದಬೇಕು. 2009ರಲ್ಲಿ ಹೊರಬಂದ ಮಾಂಗೋಡಿಬಿಯಂತಹ ದಸ್ತಾವೇಜು ಭಂಡಾರಗಳು ಈ ಕಟ್ಟನ್ನು ಸಡಿಲಿಸಿದುವು. ಇಲ್ಲಿ ಪ್ರತಿಯೊಂದು ದಾಖಲೆಯೂ ತನ್ನ ವಿವರಗಳ ಹೆಸರನ್ನು ತಾನೇ ಹೊತ್ತಿರುತ್ತದೆ. ಒಂದು ದಾಖಲೆಯಂತೆ ಇನ್ನೊಂದು ಇರಬೇಕಾಗಿಲ್ಲ. ಮೊದಲ ದಿನವೇ ಕೆಲಸ ಸಾಗುವುದರಿಂದ ಇದನ್ನು ಕೈಗೊಂಡವರಿಗೆ ಹರ್ಷವಾಗುವುದು ಸಹಜ. ಬಗೆಬಗೆಯ ದಾಖಲೆಗಳಿಗೆ ಇದು ತಕ್ಕ ಸಾಧನವೆಂಬುದನ್ನೂ ಒಪ್ಪತಕ್ಕದ್ದೆ.

ಆದರೆ ಚೌಕಟ್ಟು ಇಲ್ಲವಾಯಿತೆಂದು ತಿಳಿಯುವುದು ಭ್ರಮೆ. ಭಂಡಾರವು ಹೊರುತ್ತಿದ್ದ ಹೊಣೆ ಈಗ ತಂತ್ರಾಂಶದ ಮೇಲೆ ಬಿದ್ದಿದೆ, ಅಷ್ಟೆ. ಕನ್ನಡಿಗನು ‘ಬಂಗಡೆ’ ಎಂದೂ ಕೊಂಕಣಿಗನು ‘ಬಾಂಗ್ಡೊ’ ಎಂದೂ ಬರೆದರೆ ಯಂತ್ರಕ್ಕೆ ಅವೆರಡು ಬೇರೆ ಮೀನುಗಳೇ. ತೂಕದ ಸ್ಥಾನದಲ್ಲಿ ಒಬ್ಬನು 40 ಎಂಬ ಸಂಖ್ಯೆಯನ್ನೂ ಇನ್ನೊಬ್ಬನು ‘ನಲವತ್ತು ಕಿಲೋ’ ಎಂಬ ಮಾತನ್ನೂ ಇಟ್ಟರೆ, ಮೊತ್ತ ಕೂಡಿಸುವಾಗ ಮಾಂಗೋಡಿಬಿಯು ಎರಡನೆಯದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಯಾವ ಎಚ್ಚರಿಕೆಯೂ ಬಾರದು.

ಇದು ಸಣ್ಣ ಮಾತಲ್ಲ. ಪಶ್ಚಿಮ ಕರಾವಳಿಯಲ್ಲಿ ಬಂಗಡೆ, ತಾರ್ಲೆಗಳ ಇಳುವರಿ ವರ್ಷದಿಂದ ವರ್ಷಕ್ಕೆ ಏರಿಳಿಯುವುದುಂಟು. ಮೊತ್ತ ಇಳಿದಾಗ ಕಡಲಿನಲ್ಲಿ ಮೀನು ಕಡಮೆಯಾಯಿತೋ ದಫ್ತರದಲ್ಲಿ ಕಳೆದುಹೋಯಿತೋ ಎಂಬುದು ತಿಳಿಯದಿದ್ದರೆ, ಮೀನುಗಾರಿಕೆಯ ನಿರ್ಬಂಧವನ್ನಾಗಲಿ ಪರಿಹಾರವನ್ನಾಗಲಿ ಯಾವ ಆಧಾರದ ಮೇಲೆ ನಿರ್ಣಯಿಸುವುದು?

ಮಾಂಗೋಡಿಬಿಯ ನಿರ್ಮಾಪಕರೇ 2015ರಲ್ಲಿ ದಾಖಲೆಗಳನ್ನು ನಿಯಮದಂತೆ ಪರೀಕ್ಷಿಸುವ ಏರ್ಪಾಡನ್ನು ಸೇರಿಸಿದರು. 2017ರಲ್ಲಿ ಅದನ್ನು ಇನ್ನಷ್ಟು ಬಲಪಡಿಸಿದರು. ಅದನ್ನು ಬಳಸಬೇಕೆಂಬುದೇ ನಮ್ಮ ಅಭಿಪ್ರಾಯ. ಮೀನಿಗೆ ಊರ ಹೆಸರಿನ ಜೊತೆಗೆ ಶಾಸ್ತ್ರೀಯ ಹೆಸರು, ಪ್ರಮಾಣದ ಜೊತೆಗೆ ಮಾನ, ದಿನಾಂಕಕ್ಕೆ ಒಂದೇ ರೂಪ: ಇವಿಷ್ಟನ್ನು ಕಡ್ಡಾಯ ಮಾಡಿ, ಬಲೆ, ಹವೆ ಮೊದಲಾದ ಉಳಿದ ವಿವರಗಳನ್ನು ಬರೆಯುವವನ ಇಚ್ಛೆಗೆ ಬಿಡಬಹುದು. ಈ ಕಟ್ಟಳೆಯನ್ನು ಮೊದಲ ದಾಖಲೆ ಸೇರುವ ಮುನ್ನವೇ ಮಾಡಿಕೊಳ್ಳುವುದು ಲೇಸು. ಸಾವಿರಾರು ದಾಖಲೆಗಳು ತುಂಬಿದ ಮೇಲೆ ತಿದ್ದುವ ಶ್ರಮ ಬಹಳ ದೊಡ್ಡದು.