ದೈವಸಂಕಲ್ಪವೂ ಕಷ್ಟಕಾಲವೂ

ಮನೆಯಲ್ಲಿ ಸಾವುನೋವುಗಳು ಒದಗಿದಾಗ ನೆಂಟರಿಷ್ಟರು ಬಂದು ಕುಳಿತು, “ಎಲ್ಲವೂ ದೇವರ ಚಿತ್ತ, ಇದರಲ್ಲಿಯೂ ಏನೋ ಒಳ್ಳೆಯದಿರಬೇಕು” ಎಂದು ಹೇಳಿ ಎದ್ದುಹೋಗುವುದು ಲೋಕರೂಢಿಯಾಗಿದೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಕೇಳುವವರ ಎದೆಯಲ್ಲಿ ಆ ಮಾತು ಒಮ್ಮೆ ಔಷಧವಾಗಿಯೂ ಒಮ್ಮೆ ಮುಳ್ಳಾಗಿಯೂ ಪರಿಣಮಿಸುತ್ತದೆ. ಒಂದೇ ಮಾತು ಹೀಗೆ ಎರಡು ಬಗೆಯಾಗಲು ಕಾರಣವೇನು? ಕ್ರೈಸ್ತ ಮತದಲ್ಲಿ ದೈವಸಂಕಲ್ಪವೆಂಬುದಕ್ಕಿರುವ ಅರ್ಥವನ್ನು ಈ ತಿಂಗಳು ಸ್ವಲ್ಪ ವಿಚಾರಿಸೋಣ.

ಮೊದಲು ಶಬ್ದಗಳನ್ನು ಬಿಡಿಸಿಕೊಳ್ಳುವುದು ಒಳ್ಳೆಯದು. ವಿಧಿ ಬೇರೆ, ಸಂಕಲ್ಪ ಬೇರೆ. ಜನರಾಡುವ ಮಾತಿನಲ್ಲಿ ವಿಧಿಯು ಕಣ್ಣಿಲ್ಲದ್ದು, ಕಿವಿಯಿಲ್ಲದ್ದು. ಅದಕ್ಕೆ ಮೊರೆಯಿಟ್ಟು ಫಲವಿಲ್ಲ. ಸಂಕಲ್ಪಕ್ಕಾದರೋ ಸಂಕಲ್ಪಿಸುವವನೊಬ್ಬನು ಬೇಕು. ಕ್ರೈಸ್ತರು ಆತನನ್ನು ತಂದೆಯೆಂದು ಕರೆಯುತ್ತಾರೆ. ಆದುದರಿಂದ ಆತನಲ್ಲಿ ಬೇಡಬಹುದು, ಅಳಬಹುದು, ಏಕೆಂದು ಕೇಳಲೂಬಹುದು. ಗೆತ್ಸೇಮನೆಯ ತೋಟದಲ್ಲಿ ಯೇಸುಸ್ವಾಮಿಯೇ ತನ್ನ ಮುಂದಿದ್ದ ದುಃಖದ ಪಾತ್ರೆಯು ತೊಲಗಲೆಂದು ಮೊದಲು ಬೇಡಿಕೊಂಡು, ಬಳಿಕ ತಂದೆಯ ಚಿತ್ತಕ್ಕೆ ತನ್ನನ್ನು ಒಪ್ಪಿಸಿಕೊಟ್ಟನು. ‘ಶ್ರದ್ಧಾ’ ಎಂಬ ಶಬ್ದವನ್ನೂ ಬಿಡಿಸಿ ನೋಡಿರಿ: ‘ಶ್ರತ್’ ಎಂದರೆ ಸತ್ಯ, ‘ಧಾ’ ಎಂದರೆ ಇಡುವುದು. ಒಬ್ಬನು ಸತ್ಯವಂತನೆಂದು ನಂಬಿ ಅವನಲ್ಲಿ ನಮ್ಮ ಭಾರವನ್ನಿಡುವುದೇ ಶ್ರದ್ಧೆ. ಇಟ್ಟವನಿಗೆ ಎಲ್ಲವೂ ತಿಳಿದಿರಬೇಕೆಂಬ ನಿಯಮ ಅದರಲ್ಲಿಲ್ಲ.

ಇದಕ್ಕೆ ದೃಷ್ಟಾಂತವಾಗಿ ವಿಲಿಯಂ ಕೇರಿ ಪಂಡಿತರ ಚರಿತ್ರೆಯನ್ನು ನೆನೆಯಬಹುದು. ಇಂಗ್ಲೆಂಡಿನಲ್ಲಿ ಚಮ್ಮಾರಿಕೆ ಮಾಡಿಕೊಂಡಿದ್ದ ಇವರು 1793ರಲ್ಲಿ ಬಂಗಾಳಕ್ಕೆ ಬಂದರು. ಮೊದಲನೆಯ ಬಂಗಾಳಿಯು ಇವರಿಂದ ದೀಕ್ಷಾಸ್ನಾನ ಹೊಂದಿದ್ದು 1800ರ ಡಿಸೆಂಬರಿನಲ್ಲಿ. ಅಲ್ಲಿಯ ತನಕ ಏಳು ವರ್ಷಗಳ ದುಡಿಮೆಗೆ ಅಂಥ ಫಲವೊಂದೂ ಕಾಣಲಿಲ್ಲ. ಅನಂತರ ಹೂಗ್ಲಿ ನದಿಯ ದಡದ ಶ್ರೀರಾಮಪುರದಲ್ಲಿ ಮಾರ್ಷ್‌ಮನ್, ವಾರ್ಡ್ ಎಂಬ ಜೊತೆಗಾರರೊಡನೆ ಮುದ್ರಣಾಲಯವನ್ನು ನಡೆಸುತ್ತ, ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಬಂಗಾಳಿ ಸಂಸ್ಕೃತಗಳ ಪಾಠ ಹೇಳುತ್ತ, ಅನೇಕ ದೇಶಭಾಷೆಗಳಲ್ಲಿ ಸತ್ಯವೇದದ ಭಾಷಾಂತರಕ್ಕೆ ಕೈಯಿಕ್ಕಿದರು.

1812ನೆಯ ಇಸವಿ ಮಾರ್ಚಿ 11ನೆಯ ತಾರೀಖು ಸಂಜೆ ಆ ಮುದ್ರಣಾಲಯಕ್ಕೆ ಬೆಂಕಿ ಬಿದ್ದಿತು. ವಾರ್ಡ್ ಮಹಾಶಯರು ಬಾಗಿಲು ಕಿಟಕಿಗಳನ್ನು ಮುಚ್ಚಿಸಿ, ಮಾಳಿಗೆಯ ಮೇಲಿನಿಂದ ನೀರು ಹೊಯ್ಯಿಸಿ ಬಹಳ ಹೊತ್ತು ಹೋರಾಡಿದರೂ ಕಟ್ಟಡವು ಉಳಿಯಲಿಲ್ಲ. ಕಾಗದದ ರಾಶಿಗಳು ಬೂದಿಯಾದವು. ಹಲವು ಲಿಪಿಗಳ ಅಚ್ಚಿನ ಮೊಳೆಗಳು ಕರಗಿ ಸೀಸದ ಗಟ್ಟಿಗಳಾದವು. ಅದಕ್ಕಿಂತ ಹೆಚ್ಚಿನ ಹಾನಿ ಹಸ್ತಪ್ರತಿಗಳದು. ಕನ್ನಡ ಹೊಸ ಒಡಂಬಡಿಕೆಯ ಪ್ರತಿ, ತೆಲುಗು ವ್ಯಾಕರಣ, ಸಂಸ್ಕೃತವನ್ನು ಮೂಲವಾಗಿಟ್ಟುಕೊಂಡು ಭಾರತದ ಭಾಷೆಗಳ ಶಬ್ದಗಳನ್ನು ಹೋಲಿಸಿ ಬರೆಯುತ್ತಿದ್ದ ಮಹಾನಿಘಂಟು, ಇವೆಲ್ಲ ಒಂದೇ ರಾತ್ರಿಯಲ್ಲಿ ಹೋದವು. ಒಂದು ಪುಟವನ್ನು ತಿದ್ದಿ ತಿದ್ದಿ ಬರೆದವರಿಗೆ ಮಾತ್ರ ಈ ನಷ್ಟದ ತೂಕ ತಿಳಿದೀತು.

ಆ ರಾತ್ರಿ ಕೇರಿಯವರು ಕಲ್ಕತ್ತೆಯಲ್ಲಿದ್ದರು. ಮರುದಿನ ಸುದ್ದಿ ತಿಳಿದು ಬಂದು ಆ ಹೊಗೆಯಾಡುವ ಗೋಡೆಗಳ ನಡುವೆ ಕಣ್ಣೀರು ತಂದುಕೊಂಡರು. ಮುಂದಿನ ಭಾನುವಾರ 46ನೆಯ ಕೀರ್ತನೆಯನ್ನು ಆಧಾರವಾಗಿಟ್ಟುಕೊಂಡು ಉಪದೇಶಿಸಿದರು: ನಮ್ಮನ್ನು ತನ್ನಿಚ್ಛೆಯಂತೆ ನಡೆಸಲು ದೇವರಿಗೆ ಅಧಿಕಾರವುಂಟು, ಅದಕ್ಕೆ ಮಣಿಯುವುದು ಮನುಷ್ಯನ ಧರ್ಮ, ಇಷ್ಟೇ ಅದರ ಸಾರ. ಬೆಂಕಿಯು ಒಳ್ಳೆಯದೆಂದು ಅವರು ಹೇಳಲಿಲ್ಲ. ಅದೇಕೆ ಬಿದ್ದಿತೆಂಬುದಕ್ಕೆ ವ್ಯಾಖ್ಯಾನವನ್ನೂ ಕೊಡಲಿಲ್ಲ. ಎರಡನೆಯ ಸಲ ನಡೆಯುವ ದಾರಿಯು ಮೊದಲಿಗಿಂತ ಸುಲಭವೆಂದುಕೊಂಡು ಲೇಖನಿಯನ್ನು ಕೈಗೆತ್ತಿಕೊಂಡರು.

ಅಕ್ಷರರೂಪಗಳನ್ನು ಕೊರೆದ ಉಕ್ಕಿನ ಮುದ್ರೆಗಳು ಬೂದಿಯಡಿಯಲ್ಲಿ ಕೆಡದೆ ಸಿಕ್ಕಿದವು. ಅಚ್ಚಿನ ಯಂತ್ರಗಳು ಬೇರೆ ಕಡೆ ಇದ್ದುದರಿಂದ ಉಳಿದಿದ್ದವು. ಕರಗಿದ ಸೀಸದಿಂದಲೇ ಹೊಸ ಮೊಳೆಗಳನ್ನು ಎರಕಹೊಯ್ದರು. ಸುದ್ದಿಯು ಇಂಗ್ಲೆಂಡಿಗೆ ಮುಟ್ಟಿದ ಕೆಲವೇ ವಾರಗಳಲ್ಲಿ ನಷ್ಟದ ಹಣವೆಲ್ಲ ಒದಗಿತು. 1814ರಲ್ಲಿ ತೆಲುಗು ವ್ಯಾಕರಣವೂ 1817ರಲ್ಲಿ ಇವರು ಬರೆದ ಕರ್ಣಾಟಕ ಭಾಷೆಯ ವ್ಯಾಕರಣವೂ ಅಚ್ಚಾದವು.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದರೆ ಕೇಳುವುದಕ್ಕೆ ಇಂಪಾಗಿರುತ್ತದೆ. ಆದರೆ ಅದು ಪೂರ್ತಿ ಸತ್ಯವಾಗದು. ಆ ಮಹಾನಿಘಂಟು ಮತ್ತೆಂದೂ ಬೆಳಕು ಕಾಣಲಿಲ್ಲ. ಕೇರಿಯವರ ಪತ್ನಿ ಡೊರೊಥಿಯಮ್ಮನವರ ಬಾಳಂತೂ ಇನ್ನೂ ಕಠಿನವಾದ ಪ್ರಶ್ನೆ. ಆಕೆ ಈ ದೇಶಕ್ಕೆ ಬರಲು ಮೊದಲು ಒಪ್ಪಿರಲಿಲ್ಲ. ಬಂದ ಮರುವರ್ಷವೇ ಐದು ವಯಸ್ಸಿನ ಮಗ ಪೀಟರನು ತೀರಿಕೊಂಡನು. ಆಕೆಗೆ ಚಿತ್ತಭ್ರಮೆಯುಂಟಾಗಿ, 1807ರಲ್ಲಿ ಮರಣ ಹೊಂದುವ ತನಕ ಅದು ಬಿಡಲಿಲ್ಲ. ಗಂಡನ ಗ್ರಂಥಗಳು ಆಗುವುದಕ್ಕಾಗಿಯೇ ದೇವರು ಆಕೆಯನ್ನು ಹೀಗೆ ಮಾಡಿದನೆಂದು ಯಾರಾದರೂ ಹೇಳಿದರೆ, ಅದನ್ನು ನಾವು ಭಕ್ತಿಯ ಮಾತೆಂದು ಒಪ್ಪಲಾರೆವು. ಸುಟ್ಟುಹೋದ ಕಾಗದಕ್ಕೆ ಬೇರೆ ಕಾಗದ ಬಂದೀತು. ಒಬ್ಬ ತಾಯಿಯ ಬಾಳಿಗೆ ಬದಲಿಯಾಗಿ ಏನನ್ನು ತೂಗುವುದು?

ಸತ್ಯವೇದವೂ ಇಂತಹ ಮಾತನ್ನು ಒಪ್ಪುವುದಿಲ್ಲ. ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತಿದ್ದರು. ಅಷ್ಟರ ಮಟ್ಟಿಗೆ ಅವರು ಸ್ನೇಹಿತರೇ. ಬಾಯಿ ತೆರೆದು ಅವನ ಕಷ್ಟಕ್ಕೆ ಕಾರಣಗಳನ್ನು ಹೇಳತೊಡಗಿದ ಮೇಲೆ ಕೆಟ್ಟರು. ಕೊನೆಯಲ್ಲಿ ದೇವರು ಕೋಪಿಸಿಕೊಂಡದ್ದು ಆ ವ್ಯಾಖ್ಯಾನಕಾರರ ಮೇಲೆ. ಗೋಳಾಡಿ ವಾದಿಸಿದ ಯೋಬನ ಮಾತನ್ನು ಯಥಾರ್ಥವೆಂದನು. ಅಣ್ಣಂದಿರು ಮಾಡಿದ ಕೇಡನ್ನು ದೇವರು ಮೇಲಿಗೆ ತಿರುಗಿಸಿದನೆಂದು ಯೋಸೇಫನು ಹೇಳಿದ್ದುಂಟು. ಆದರೆ ಅದನ್ನು ಹೇಳಿದವನು ಕಷ್ಟಪಟ್ಟವನೇ ಹೊರತು ನೋಡುತ್ತ ನಿಂತವನಲ್ಲ. ಹೇಳಿದ್ದೂ ಬಹಳ ವರ್ಷಗಳ ಮೇಲೆ. ಆಗಲೂ ಕೇಡನ್ನು ಅವನು ಕೇಡೆಂದೇ ಕರೆದನು.

ಆದುದರಿಂದ ಗೃಹಸ್ಥರು ಎರಡು ಸಂಗತಿಗಳನ್ನು ಮನಸ್ಸಿನಲ್ಲಿಡತಕ್ಕದ್ದು. ನಮಗೇ ಕಷ್ಟ ಬಂದಾಗ ಅದರ ಅರ್ಥವನ್ನು ಈ ಹೊತ್ತೇ ಕಂಡುಹಿಡಿಯಬೇಕೆಂದು ಹಟಹಿಡಿಯಬೇಕಾದುದಿಲ್ಲ. ಅತ್ತರೆ ಅಪಶ್ರದ್ಧೆಯಲ್ಲ. ಅಂದಂದಿನ ಕರ್ತವ್ಯವನ್ನು ಅಂದಂದು ಮಾಡಿ, ಉಳಿದುದನ್ನು ತಂದೆಯ ಕೈಯಲ್ಲಿಟ್ಟರೆ ಸಾಕು. ಇನ್ನೊಬ್ಬರಿಗೆ ಕಷ್ಟ ಬಂದಾಗಲಾದರೋ ‘ದೇವರ ಚಿತ್ತ’ ಎಂಬ ಮಾತನ್ನು ಅವರ ಬಾಯಿಗೇ ಬಿಟ್ಟುಬಿಡೋಣ. ಅವರು ಹೇಳಿದರೆ ತಲೆಬಾಗಿ ಕೇಳೋಣ. ಅಲ್ಲಿಯ ತನಕ ಆ ಮನೆಯ ಒಲೆ ಆರದಂತೆ ನೋಡಿಕೊಳ್ಳುವುದು, ಮಕ್ಕಳಿಗೆ ಹೊತ್ತಿಗೆ ಅನ್ನವಿಕ್ಕುವುದು, ಸುಮ್ಮನೆ ಹತ್ತಿರ ಕುಳಿತಿರುವುದು, ಇವು ನಮ್ಮ ಪಾಲಿನ ಕೆಲಸಗಳು. ದೈವಸಂಕಲ್ಪವು ನಮಗೆ ತಿಳಿಯದಿದ್ದರೂ ಇವು ಅದಕ್ಕೆ ಸೇರಿದುವೆಂಬುದರಲ್ಲಿ ನಮಗೆ ಸಂದೇಹವಿಲ್ಲ.