ಗುಳೆ ಹೋದವರ ಮಕ್ಕಳಿಗೆ ಜಾಗ ಇಡೋಣ



ನಮ್ಮ ಹಾನಗಲ್ಲ, ಶಿಗ್ಗಾಂವ, ಸವಣೂರ, ಹಿರೇಕೆರೂರ ತಾಲೂಕಿನ ಹಳ್ಳಿಗಳಿಂದ ಬಹಳ ಮಂದಿ ದುಡಿಯಾಕ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮಳೆ ಕೈಕೊಟ್ಟರೆ ಗೋವಿನಜೋಳವೂ ಇಲ್ಲ, ಹತ್ತಿಯೂ ಇಲ್ಲ. ಸಾಲ ಮಾತ್ರ ಉಳಿಯುತ್ತದೆ. ಆಗ ಮನೆಗೆ ಕೀಲಿ ಹಾಕಿ, ಮಕ್ಕಳನ್ನೂ ಕರಕೊಂಡು ಹೋಗುತ್ತಾರೆ.

ಕೆಲವರು "ಅವರಿಗೆ ಮಕ್ಕಳ ಓದಿನ ಕಾಳಜಿ ಇಲ್ಲ" ಅಂತಾರ. ಇದನ್ನು ನಾನು ಒಪ್ಪುವುದಿಲ್ಲ. ಹೊಟ್ಟೆಗೆ ಇಲ್ಲದಾಗ ಯಾರಾದರೂ ಏನು ಮಾಡ್ಯಾರು?

ಇದು ನಮ್ಮಲ್ಲಿ ಮಾತ್ರ ಅಲ್ಲ. ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಎಂಬುದು ನೇಕಾರರ ಊರು. ಉಗಿಯಂತ್ರದ ಮಗ್ಗ ಬಂದು ಕೈಮಗ್ಗದವರಿಗೆ ಕೆಲಸ ಇಲ್ಲದಾಯಿತು. 1848ರಲ್ಲಿ ಅಲ್ಲಿಯ ಒಬ್ಬ ನೇಕಾರ ಹೆಂಡತಿ, ಇಬ್ಬರು ಗಂಡುಮಕ್ಕಳೊಂದಿಗೆ ಹಡಗು ಹತ್ತಿ ಅಮೇರಿಕಕ್ಕೆ ಹೋದ. ಹಿರಿಯ ಮಗ ಆಂಡ್ರೂ ಕಾರ್ನೆಗಿ. ಅವನು ಶಾಲೆ ಬಿಟ್ಟು, 13ನೇ ವಯಸ್ಸಿನಲ್ಲಿ, ಅಂದರೆ ನನ್ನ ವಯಸ್ಸಿನಲ್ಲಿ, ಹತ್ತಿ ಗಿರಣಿಯಲ್ಲಿ ದುಡಿದ. ವಾರಕ್ಕೆ ಪಗಾರ 1 ಡಾಲರ್ 20 ಸೆಂಟ್.

"ಶಾಲಿ ಬಿಟ್ಟರೂ ಅಂವ ದೊಡ್ಡ ಸಾಹುಕಾರ ಆದನಲ್ಲ" ಎಂದು ನೀವು ಕೇಳಬಹುದು. ಆದರೆ ಆಂಡರ್ಸನ್ ಎಂಬ ಹಿರಿಯರು ದುಡಿಯುವ ಹುಡುಗರಿಗೆ ಶನಿವಾರ ತಮ್ಮ ಮನೆಯ ಪುಸ್ತಕ ಕೊಡುತ್ತಿದ್ದರು. ಅದರಿಂದ ಅವನು ಓದಿದ. ಮುಂದೆ ಆತನ ಹಣದಿಂದ 2,500ಕ್ಕೂ ಹೆಚ್ಚು ಗ್ರಂಥಾಲಯಗಳು ಆದವು. ಯಾರೋ ಒಬ್ಬರು ಬಾಗಿಲು ತೆರೆದದ್ದಕ್ಕೆ ಇದೆಲ್ಲಾ ಆಯಿತು.

ನಮ್ಮ ಓಣಿಯ ಒಬ್ಬ ಹುಡುಗಿ ಐದು ತಿಂಗಳು ಗೋವಾದಲ್ಲಿದ್ದು ಬಂದಳು. ಅಷ್ಟರಲ್ಲಿ ಭಿನ್ನರಾಶಿ ಪಾಠ ಮುಗಿದಿತ್ತು. ಲೆಕ್ಕ ತಿಳಿಯದೆ ನಾಚಿಕೊಂಡು ಹಿಂದೆ ಕೂಡುತ್ತಿದ್ದಳು. ಈಗ ಶಾಲೆಗೇ ಬರುವುದಿಲ್ಲ, ಮನೆಯಲ್ಲಿ ತಮ್ಮನನ್ನು ಆಡಿಸುತ್ತಾಳೆ. ಅವಳು ನನಗಿಂತ ಚೆಂದ ಅಕ್ಷರ ಬರೆಯುತ್ತಿದ್ದಳು.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಇದೆ. ಶಾಲೆ ತಪ್ಪಿದವರನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಬಿಟ್ಟುಹೋದದ್ದನ್ನು ಬೇರೆ ಕಲಿಸಬೇಕು. ಟಿ.ಸಿ. ತಡವಾಯಿತೆಂದು ಸರಕಾರಿ ಶಾಲೆ ಬೇಡ ಅನ್ನುವಂತಿಲ್ಲ.

ಆದ್ದರಿಂದ ಗುರುಗಳಲ್ಲಿ ನನ್ನ ವಿನಂತಿ. ಗುಳೆ ಹೋಗುವ ಮನೆಯವರಿಗೆ ಇದನ್ನು ಮೊದಲೇ ತಿಳಿಸಿರಿ. ಊರಲ್ಲಿ ಅಜ್ಜ-ಅಜ್ಜಿ ಇದ್ದರೆ ಮಕ್ಕಳನ್ನು ಅವರ ಹತ್ತಿರ ಬಿಡಲು ಹೇಳಿರಿ. ನಾವು ವಿದ್ಯಾರ್ಥಿಗಳು ತಿರುಗಿ ಬಂದವರನ್ನು ಪಕ್ಕಕ್ಕೆ ಕೂಡಿಸಿಕೊಳ್ಳೋಣ, ನಮ್ಮ ನೋಟಬುಕ್ ಕೊಡೋಣ.

ದೇಶ ಸುತ್ತಬೇಕು, ಕೋಶ ಓದಬೇಕು ಅಂತ ಗಾದೆ ಐತಿ. ಈ ಮಕ್ಕಳು ದೇಶ ಸುತ್ತುತ್ತಾರೆ, ಕೋಶ ಮಾತ್ರ ತಪ್ಪುತ್ತದೆ. ಇದು ನನ್ನ ಅಭಿಪ್ರಾಯ. ನಿಮ್ಮದು ಬೇರೆ ಇದ್ದರೆ ಮುಂದಿನ ವಾರ ಇಲ್ಲೇ ಬರೆಯಿರಿ.

– ಏಳನೇ ತರಗತಿ