ಜೈವಿಕ ದಾಳಿ: ಸಿದ್ಧತೆ ಯಾರಿಂದ ಆರಂಭವಾಗಬೇಕು?

ಜೈವಿಕ ಭಯೋತ್ಪಾದನೆ ಎಂದೊಡನೆ ನಮಗೆ ಯುದ್ಧ, ಕ್ಷಿಪಣಿಗಳ ನೆನಪಾಗುತ್ತದೆ. ಆದರೆ 2001ರಲ್ಲಿ ಅಮೆರಿಕಕ್ಕೆ ಅದು ಬಂದದ್ದು ಅಂಚೆಯ ಲಕೋಟೆಯಲ್ಲಿ. ಸೆಪ್ಟೆಂಬರ್ 11ರ ದಾಳಿಯ ಬೆನ್ನಿಗೇ ಮಾಧ್ಯಮ ಕಚೇರಿಗಳಿಗೂ ಇಬ್ಬರು ಸೆನೆಟರುಗಳಿಗೂ ಆಂಥ್ರಾಕ್ಸ್ ಪುಡಿಯಿದ್ದ ಪತ್ರಗಳು ರವಾನೆಯಾದವು. ನಮ್ಮ ಹೈನುಗಾರರು ನೆರಡಿ ರೋಗವೆನ್ನುವುದು ಇದನ್ನೇ. 22 ಮಂದಿ ಕಾಯಿಲೆ ಬಿದ್ದರು; ಅವರಲ್ಲಿ ಐವರು ಸತ್ತರು.

ಮೊದಲ ಸುಳಿವು ಸಿಕ್ಕಿದ್ದು ಪೊಲೀಸರಿಗಲ್ಲ, ವೈದ್ಯರಿಗೆ. ಫ್ಲೋರಿಡಾದ ಆಸ್ಪತ್ರೆಯೊಂದರಲ್ಲಿ ಡಾ. ಲ್ಯಾರಿ ಬುಷ್ ಅವರು ರೋಗಿಯ ಬೆನ್ನುಹುರಿಯ ದ್ರವವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಆಂಥ್ರಾಕ್ಸ್ ಇರಬಹುದೆಂದು ಶಂಕಿಸಿದರು. ಇಂಥ ಪರೀಕ್ಷೆಗಳಿಗೆಂದೇ 1999ರಲ್ಲಿ ಪ್ರಯೋಗಾಲಯಗಳ ಜಾಲವನ್ನು ಕಟ್ಟಲಾಗಿತ್ತು. ಆದುದರಿಂದ ಅಕ್ಟೋಬರ್ 4ರಂದೇ ರೋಗ ದೃಢಪಟ್ಟಿತು. ಇಷ್ಟರಮಟ್ಟಿಗೆ ಸಿದ್ಧತೆ ಫಲ ಕೊಟ್ಟಿತು.

ಮುಂದಿನ ಕಥೆ ಬೇರೆ. ಅಕ್ಟೋಬರ್ 15ರಂದು ಸೆನೆಟರ್ ಟಾಮ್ ಡ್ಯಾಶಲ್ ಅವರ ಕಚೇರಿಯಲ್ಲಿ ಪತ್ರವೊಂದನ್ನು ತೆರೆಯಲಾಯಿತು. ಅಲ್ಲಿನ ಸಿಬ್ಬಂದಿಗೆ ಅಂದೇ ಪರೀಕ್ಷೆ, ಅಂದೇ ಔಷಧಿ. ಆದರೆ ಆ ಪತ್ರ ಹಾದುಬಂದಿದ್ದ ವಾಷಿಂಗ್ಟನ್ನಿನ ಬ್ರೆಂಟ್‌ವುಡ್ ಅಂಚೆ ಕೇಂದ್ರವನ್ನು ಮುಚ್ಚಿದ್ದು 21ರಂದು. ಅಂಟಿಸಿದ ಲಕೋಟೆಯಿಂದ ಅಪಾಯವಿಲ್ಲವೆಂದು ತಜ್ಞರು ನಂಬಿದ್ದರು. ವಿಂಗಡಿಸುವ ಯಂತ್ರಗಳ ಒತ್ತಡಕ್ಕೆ ಪುಡಿ ಹೊರಬಿದ್ದು ಗಾಳಿಯಲ್ಲಿ ಸೇರಿತ್ತು. ಆ ಕೇಂದ್ರದ ಇಬ್ಬರು ನೌಕರರು ಪ್ರಾಣ ಕಳೆದುಕೊಂಡರು. ಪತ್ರ ತೆರೆದವರ ಯೋಚನೆ ಇತ್ತು, ಹೊತ್ತುತಂದವರ ಯೋಚನೆ ಇರಲಿಲ್ಲ.

ರೋಗಾಣುವನ್ನು ಮನುಷ್ಯ ಹರಡಿದರೂ, ಅದು ತಾನಾಗಿ ಬಂದರೂ ರೋಗಿ ಮೊದಲು ಬರುವುದು ಹತ್ತಿರದ ಆಸ್ಪತ್ರೆಗೇ. 2018ರಲ್ಲಿ ನಮ್ಮ ನೆರೆಯ ಕೋಝಿಕ್ಕೋಡಿನಲ್ಲಿ ನಿಫಾ ಕಾಣಿಸಿದಾಗ, ಒಂದೇ ಮನೆಯ ಎರಡನೇ ರೋಗಿಯನ್ನು ಕಂಡ ವೈದ್ಯರು ಎಚ್ಚೆತ್ತು ಮಾದರಿಗಳನ್ನು ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರಕ್ಕೆ ಕಳುಹಿಸಿದರು. ರೋಗ ಬೇಗನೆ ಪತ್ತೆಯಾಯಿತು. ಅಷ್ಟರಲ್ಲೇ ಪೆರಾಂಬ್ರ ತಾಲೂಕು ಆಸ್ಪತ್ರೆಯಲ್ಲಿ ಮೊದಲ ರೋಗಿಯ ಆರೈಕೆ ಮಾಡಿದ್ದ ದಾದಿ ಲಿನಿ ಅವರಿಗೆ ಸೋಂಕು ತಗುಲಿತ್ತು. ಮೇ 21ರಂದು ಅವರು ತೀರಿಕೊಂಡರು.

ಲಸಿಕೆ, ಔಷಧಿಗಳ ದಾಸ್ತಾನು ಸರಕಾರದ ಹೊಣೆ. ಆದರೆ ನಮ್ಮ ಧರ್ಮಭಗಿನಿಯರ ಪುಟ್ಟ ದವಾಖಾನೆಯಿಂದ ದೊಡ್ಡ ಆಸ್ಪತ್ರೆಗಳವರೆಗೆ ನಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ದಾದಿ, ಆಯಾ, ಆಂಬುಲೆನ್ಸ್ ಚಾಲಕ, ಕಸ ಗುಡಿಸುವವರು, ಇವರೆಲ್ಲರಿಗೂ ಕೈಗವಸು, ಮುಖಗವಸು, ತರಬೇತಿ ಸಿಕ್ಕಿದೆಯೇ? ವಿಚಿತ್ರ ಜ್ವರ ಕಂಡಾಗ ಯಾರಿಗೆ ತಿಳಿಸಬೇಕೆಂದು ಅವರಿಗೆ ಗೊತ್ತಿದೆಯೇ? ಕಟ್ಟಕಡೆಯ ನೌಕರನಿಗೆ ರಕ್ಷಣೆಯಿಲ್ಲದ ಆಸ್ಪತ್ರೆ ರೋಗಿಯನ್ನೂ ಕಾಪಾಡಲಾರದು. ಮುಂದಿನ ಸಭೆಯಲ್ಲಿ ನಮ್ಮ ಆರೋಗ್ಯ ಸಮಿತಿಗಳು ಈ ವಿಷಯವನ್ನು ಕೈಗೆತ್ತಿಕೊಳ್ಳಲಿ.